ಮೈಕಿನವರ ಮನೆಯಿಂದ

ಔರಾದ
9 ನವೆಂಬರ್ 2025, ಭಾನುವಾರ

ನನ್ನ ಮಾಯವ್ವಾ,

ಜೈ ಭೀಮ್. ಚೆನ್ನಾಗಿದ್ದೀಯಾ ಎಂದು ಕೇಳಿ ಕಾಗದ ಶುರು ಮಾಡಬೇಕು. ಆದರೆ ನೀನು ಚೆನ್ನಾಗಿಲ್ಲ ಎಂಬುದು ನನಗೆ ಗೊತ್ತು, ನಾನು ಚೆನ್ನಾಗಿಲ್ಲ ಎಂಬುದು ನಿನಗೂ ಗೊತ್ತು, ಹಾಗಾಗಿ ಆ ಶಾಸ್ತ್ರ ಬಿಡೋಣ. ಅಕ್ಷರ ನೋಡಿದ ಕೂಡಲೇ ಅವ್ವನದು ಎಂದು ತಿಳಿಯುತ್ತದೆ. ಹರಿದು ಹಾಕಬೇಡ. ಹರಿಯಲೇಬೇಕು ಎನಿಸಿದರೆ ಓದಿದ ಮೇಲೆ ಹರಿ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ನಮ್ಮ ಅಂಗನವಾಡಿಯ ಸಹಾಯಕಿಯ ಫೋನಿನಿಂದ ಮಾಡಿದೆ. ನಾನು ಮಾತು ಶುರು ಮಾಡುವ ಮೊದಲೇ, ನನ್ನ ಉಸಿರು ಕೇಳಿಯೇ ಇಟ್ಟುಬಿಟ್ಟೆ. ನೀನು ಎಲ್ಲಿದ್ದೀಯ ಎಂದು ತಿಳಿಯದೆ ನಾನು ಹುಚ್ಚಿಯಂತೆ ಬಸ್‌ಸ್ಟ್ಯಾಂಡಿಗೂ ಮನೆಗೂ ತಿರುಗಿದೆ. ಕೊನೆಗೆ ನಿನ್ನ ಗೆಳತಿ ಅಜೀಜಾ ಬೇಗಂ ಬೀದರಿನಿಂದ ಫೋನ್ ಮಾಡಿದಳು. “ಆಂಟಿ, ಫಿಕರ್ ಮಾಡಬ್ಯಾಡ್ರಿ, ಮಾಯಾ ನಮ್ಮ ಮನಿಯಾಗ ಅದಾಳ. ಆದ್ರ ಔರಾದದಿಂದ ಯಾರಾರ ಬಂದ್ರ ಇಲ್ಲಿಂದಾನೂ ಎದ್ದು ಹೋಗ್ತೀನಿ ಅಂತಾಳ. ನೀವು ಬರಬ್ಯಾಡ್ರಿ, ಬರೀರಿ. ನಾ ಅಕಿ ತಲಿದಿಂಬಿನ ಬಾಜೂಕ ಇಡ್ತೀನಿ” ಎಂದಳು. ಆ ಹುಡುಗಿಯನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ. ಆಟೋದ ಸಲಾವೋದ್ದೀನ ನಾಳೆ ಬೀದರಿಗೆ ಹೋಗುವವನಿದ್ದಾನೆ, ಈ ಕಾಗದವನ್ನು ಅವನ ಕೈಗೆ ಕೊಟ್ಟು ಅಜೀಜಾಗೆ ತಲುಪಿಸುತ್ತೇನೆ.

ಮೊದಲು ಮುಖ್ಯವಾದ ಮಾತು. ನಿನ್ನ ಬಿಪಿ ಏರಿದೆ. ಕಾಲು ಬಾತಿವೆ. ತಿಂಗಳು ತುಂಬುವವರೆಗೆ ಕಾಯಲಾಗದು, ಮಂಗಳವಾರ ಮುಂಜಾನೆ ಆಪರೇಶನ್ ಮಾಡಿ ಕೂಸನ್ನು ಹೊರಗೆ ತೆಗೆಯುತ್ತೇವೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಿನ್ನ ಜೊತೆ ಯಾರು ಬರುತ್ತಾರೆ ಎಂದು ಅವರು ಕೇಳಿದ್ದಕ್ಕೆ ನೀನು “ನನ್ನವ್ರು ಅಂತ ಯಾರೂ ಇಲ್ರಿ” ಎಂದೆಯಂತೆ. ಅಜೀಜಾ ಹೇಳುತ್ತ ಹೇಳುತ್ತ ತಾನೇ ಅತ್ತಳು. ಮಾಯಾ, ಊರ ಬಸುರಿಯರಿಗೆಲ್ಲ ಕಾಲು ಬಾತರೆ ಹುಷಾರು, ತಲೆ ಸಿಡಿದರೆ ಸುಮ್ಮನೆ ಮಲಗಬೇಡ, ಕಣ್ಣು ಮಂಜಾದರೆ ಆ ಕ್ಷಣ ದವಾಖಾನೆಗೆ ಓಡು ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು ನಾನು. ಬೇರೆ ಮನೆಯ ಹೆಣ್ಣುಮಕ್ಕಳು ಹೆರುವಾಗ ಹೊರಗೆ ನಿಂತಿದ್ದೇನೆ. ನೀನು ಆ ಕೋಣೆಗೆ ಒಬ್ಬಳೇ ಹೋಗುತ್ತೀ ಎಂದರೆ ನಾನು ಬದುಕಿದ್ದು ಏತಕ್ಕೆ? ನನಗೆ ಬೇರೇನೂ ಬೇಡ. ಬಾ ಎಂದು ಒಂದು ಮಾತು ಹೇಳು. ನಿನ್ನ ಬಾಯಿಂದ ಬರದೆ ನಾನು ಬಂದರೆ, ಈ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಎದ್ದು ಹೋಗುತ್ತೀಯೋ ಎಂದು ಜೀವ ಹೆದರುತ್ತದೆ. ನಿನ್ನ ಹಟ ನನಗೆ ಗೊತ್ತು, ಅದು ನನ್ನಿಂದಲೇ ಬಂದದ್ದು.

ನಡೆದದ್ದರಲ್ಲಿ ಅರ್ಧ ನಿನಗೆ ಗೊತ್ತು, ಅರ್ಧ ನನಗೆ ಗೊತ್ತು. ಎರಡನ್ನೂ ಒಂದು ಕಡೆ ಇಡುತ್ತೇನೆ. ಸಿಟ್ಟು ಬಂದಲ್ಲಿ ನಿಲ್ಲಿಸಿ, ನೀರು ಕುಡಿದು, ಮತ್ತೆ ಓದು.

ನಿನ್ನ ಅಪ್ಪನನ್ನು ಔರಾದ ತಾಲೂಕಿನಲ್ಲಿ ಮುಖ ನೋಡಿ ಗುರುತಿಸುವವರಿಗಿಂತ ದನಿ ಕೇಳಿ ಗುರುತಿಸುವವರೇ ಜಾಸ್ತಿ. ಕಾಶೀರಾಮ ಎಂದರೆ ಯಾರು ಎನ್ನುತ್ತಾರೆ, ಮೈಕಿನವರು ಎಂದರೆ ಮನೆಯ ಬಾಗಿಲವರೆಗೆ ತಂದು ಬಿಡುತ್ತಾರೆ. ಸಲಾವೋದ್ದೀನನ ಆಟೋದ ನೆತ್ತಿಯ ಮೇಲೆ ಮೈಕಿನ ಭೋಂಗಾ ಕಟ್ಟಿಕೊಂಡು ಪೋಲಿಯೋ ಹನಿಯಿಂದ ಹಿಡಿದು ಸೀರೆಯ ಸೇಲಿನವರೆಗೆ ಒದರಿದ ಗಂಟಲು ಅದು. ತಾರುಣ್ಯದಲ್ಲಿ ಎರಡೇ ಮಕ್ಕಳು ಸಾಕು ಎಂಬ ಸರ್ಕಾರದ ಪ್ರಚಾರವನ್ನೂ ಒದರಿದ್ದರು. ಅಂದಿನಿಂದ ಯಾರ ಮನೆಯಲ್ಲಿ ಎಷ್ಟು ಮಕ್ಕಳು ಇರಬೇಕು ಎಂದು ಹೇಳುವ ಅಧಿಕಾರ ತಮಗೆ ಸಿಕ್ಕಿತು ಎಂದೇ ತಿಳಿದುಕೊಂಡಿದ್ದಾರೆ.

ಅಂಥವರ ಕೈಗೆ ಫೋನು ಬಂತು. ಟೈಪ್ ಮಾಡಲು ಬರುವುದಿಲ್ಲ, ಒತ್ತಿ ಹಿಡಿದು ಮಾತಾಡಲು ಬರುತ್ತದೆ. ‘ಔರಾದ ಮಾತುಕತೆ’ ಎಂಬ ವಾಟ್ಸಾಪ್ ಗುಂಪಿಗೆ ಯಾರೋ ಸೇರಿಸಿದರು. ಉಂಡು ಹೊರಸಿನ ಮೇಲೆ ಉರುಳಿದರೆ ಶುರು. ಹೆಣ್ಣುಮಕ್ಕಳ ಕೈಗೆ ಮೊಬೈಲು ಕೊಟ್ಟರೆ ಕೆಡುತ್ತಾರೆ ಎಂದು ಒಂದು ದಿನ. ನಿನಗೆ ಕಾಲೇಜಿಗೆ ಹೊಸ ಮೊಬೈಲು ಕೊಡಿಸಿದವರು ಅವರೇ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದರೆ ಸಂಸಾರ ಹಾಳು ಎಂದು ಇನ್ನೊಂದು ದಿನ. ಮರುದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ನನ್ನನ್ನು ಬೀದರಿಗೆ ಕಳಿಸಿ ತಮ್ಮ ಔಷಧ ತರಿಸಿಕೊಂಡರು. ಮೂರನೆಯ ಮಗುವಿಗೆ ರೇಶನ್ ಕೊಡಬಾರದು, ಒಂದೇ ಮಗು ಹೆತ್ತವರು ಸ್ವಾರ್ಥಿಗಳು, ಅಂಗನವಾಡಿಯವರು ಬಸುರಿಯರ ಮುಖವನ್ನು ಫೋನಿಗೆ ತೋರಿಸಿ ಅಕ್ಕಿ ಕೊಡುವುದು ಹುಚ್ಚಾಟ, ಹೀಗೆ. ಕೊನೆಯದರಲ್ಲಿ ನಾನೂ ಅವರ ಪಕ್ಷವೇ. ಗುಂಪಿನ ಮಂದಿ ನಕ್ಕು, ಹೆಬ್ಬೆರಳು ತೋರಿಸಿ, ವಾಹ್ ಕಾಕಾ ಎನ್ನುತ್ತಿದ್ದರು. ಅದರಲ್ಲಿ ಕೆಟ್ಟತನ ಇರಲಿಲ್ಲ ಮಾಯಾ. ಕಟ್ಟೆಯ ಮೇಲೆ ಕುಳಿತು ಆಡಿ, ಎದ್ದು ಬರುವಾಗ ಅಲ್ಲೇ ಬಿಟ್ಟು ಬರುವ ಮಾತು ಎಂದೇ ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಅಷ್ಟರಲ್ಲಿ, ಮಕ್ಕಳಾಗದವರಿಗೆ ಸರ್ಕಾರವೇ ಪುಕ್ಕಟೆಯಾಗಿ ಟೆಸ್ಟ್‌ಟ್ಯೂಬ್ ಕೂಸಿನ ಚಿಕಿತ್ಸೆ ಮಾಡಿಸುತ್ತದಂತೆ ಎಂಬ ಸುದ್ದಿಯನ್ನು ಯಾರೋ ಆ ಗುಂಪಿಗೆ ಹಾಕಿದರು. ಖರೆಯೋ ಸುಳ್ಳೋ ದೇವರಾಣೆಗೂ ಯಾರಿಗೂ ಗೊತ್ತಿಲ್ಲ. ನಿನ್ನ ಅಪ್ಪ ಫೋನು ಬಾಯಿಗೆ ಹಿಡಿದರು. “ಇದ್ದ ಕೂಸುಗಳಿಗಿ ತತ್ತಿ ಸಿಗವಲ್ವು, ಇಲ್ಲದ ಕೂಸುಗಳಿಗಿ ರೊಕ್ಕ ಹಾಕ್ತಾರಂತ! ಬಾಟ್ಲ್ಯಾಗ ಮಾಡಿದ ಕೂಸು ನಾಳಿಗಿ ಅವ್ವಾ ಅಂತ ಯಾರಿಗಿ ಕರೀತದ್ರಿ? ಡಾಕ್ಟರಗ ಕರೀತದೋ, ಬಾಟ್ಲಿಗಿ ಕರೀತದೋ?” ಅಂದು, ಮೇಲೆ ಒಂದು ನಗು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕೈ ಅಲ್ಲೇ ನಿಂತಿತು. ನಿನಗೆ ಆಗ ಐದು ತಿಂಗಳು ತುಂಬಿತ್ತು.

ಹೊರಗೆ ಬಂದು ಹೇಳಬೇಕಾಗಿತ್ತು ಎನ್ನುತ್ತೀಯಾ? ಹೇಳಬಾರದು ಎಂದು ನಾವೇ ಮಾತಾಡಿಕೊಂಡಿದ್ದೆವು. ಹೈದರಾಬಾದಿನ ಡಾಕ್ಟರು ಪರೀಕ್ಷೆ ಮಾಡಿ, ಕೊರತೆ ಇರುವುದು ಅಳಿಯನಲ್ಲಿ ಎಂದಾಗ, ಆ ಹುಡುಗ ಸಂಘಪಾಲ ನನ್ನೆದುರು ನೆಲ ನೋಡುತ್ತ, “ನಮ್ಮ ಅವ್ವಗ ಗೊತ್ತಾಗಬಾರ್ದು ಅತ್ತಿ, ಔರಾದ ಮಾವಗೂ ಗೊತ್ತಾಗಬಾರ್ದು” ಎಂದ. ಸರಿ ಎಂದೆ. ನಿನ್ನ ಅಪ್ಪನ ಕಿವಿಗೆ ಸಂಜೆ ಬಿದ್ದದ್ದು ಬೆಳಗಾಗುವುದರೊಳಗೆ ಭೋಂಗಾದಲ್ಲಿ ಬರುತ್ತದೆ ಎಂದು ನಾವು ನಗಾಡಿದ್ದೂ ಉಂಟು. ತಾನು ಕೆಲಸ ಮಾಡುವ ಮೆಡಿಕಲ್ ಅಂಗಡಿಯ ಫ್ರಿಜ್ಜಿನಲ್ಲಿ ಅಜೀಜಾ ನಿನ್ನ ಇಂಜೆಕ್ಷನ್ ಇಟ್ಟಳು. ನಾನು ಟ್ರೇನಿಂಗ್ ಇದೆ ಎಂದು ಮನೆಯಲ್ಲಿ ಹೇಳಿ ನಿನ್ನ ಜೊತೆ ರೈಲು ಹತ್ತಿದೆ. ಕೂಸು ನಿಮ್ಮಿಬ್ಬರದೇ, ಡಾಕ್ಟರು ಒಂದೆಡೆ ಸೇರಿಸಿಕೊಟ್ಟರು, ಅಷ್ಟೇ. ಅದಕ್ಕಾಗಿ ನೀನು ಎಷ್ಟು ಸೂಜಿ ಚುಚ್ಚಿಸಿಕೊಂಡೆ ಎಂಬುದನ್ನು ನಿನ್ನ ಹೊಟ್ಟೆಯ ಮೇಲಿನ ನೀಲಿ ಕಲೆಗಳಲ್ಲಿ ನಾನು ನೋಡಿದ್ದೇನೆ. ಅದನ್ನೆಲ್ಲ ಒಳಗೆ ಇಟ್ಟುಕೊಂಡು ಅಂದು ನಿನ್ನ ಅಪ್ಪನಿಗೆ ನಾನು ಅಂದದ್ದು ಒಂದೇ: “ಸಾಕ್ ಮಾಡ್ರಿ, ಮಂದಿ ಕೇಳ್ತಾರ.” ಅದಕ್ಕವರು, “ಕೇಳ್ಲಿ ಅಂತೇ ಅಲ್ಲೇನು” ಎಂದರು.

ಮಂದಿ ಕೇಳಿದರು. ಭಾಲ್ಕಿಯಲ್ಲಿ ನಿನ್ನ ಅತ್ತೆ ಶಾಲುಬಾಯಿಯ ಫೋನಿಗೂ ಅದು ಹೋಯಿತು. ಊಟಕ್ಕೆ ಕುಳಿತಾಗ ಅವರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಹಚ್ಚಿ, “ನಿಮ್ಮ ಅಪ್ಪಗ ಮಾತು ಎಷ್ಟು ಛಂದ ಬರ್ತಾವ ನೋಡವ್ವಾ” ಎಂದು ಹೊಟ್ಟೆ ಹಿಡಿದು ನಕ್ಕರಂತೆ. ಅವರಿಗೇನು ಗೊತ್ತು. ಸಂಘಪಾಲ ತಟ್ಟೆ ಬಿಟ್ಟು ಎದ್ದ. ನೀನು ಕುಳಿತೇ ಇದ್ದೆ, ನಕ್ಕೆ. ಬಾಯಲ್ಲಿ ರೊಟ್ಟಿ, ಹೊಟ್ಟೆಯಲ್ಲಿ ಕೂಸು, ಕಿವಿಯಲ್ಲಿ ಅಪ್ಪನ ದನಿ, ಆ ನಗು ಹೇಗೆ ನಕ್ಕೆ ಮಗಳೇ? ಆಮೇಲೆ ಬಚ್ಚಲಿಗೆ ಹೋಗಿ, ನೀರು ಬಿಟ್ಟುಕೊಂಡು, ನನಗೆ ಫೋನ್ ಮಾಡಿದೆ. “ಅವ್ವಾ, ಕೂಸು ನನಗ ಅವ್ವಾ ಅಂತದಲ್ಲ?” ಎಂದು ಕೇಳಿದೆ. ಆ ಪ್ರಶ್ನೆ ನನ್ನ ಎದೆಯಲ್ಲಿ ಇನ್ನೂ ಹಾಗೇ ಇದೆ.

ಅಂದಿನಿಂದ ನೀನು ಅಪ್ಪನ ಜೊತೆ ಮಾತು ಬಿಟ್ಟೆ. ಏಳನೆಯ ತಿಂಗಳಲ್ಲಿ ಹಸಿರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ಕುಬಸ ಮಾಡಲು ಬರುತ್ತೇವೆ ಎಂದರೆ, ಅವರು ಬಂದರೆ ಬಾಗಿಲು ತೆಗೆಯುವುದಿಲ್ಲ, ಚೊಚ್ಚಲ ಹೆರಿಗೆಗೂ ಔರಾದಿಗೆ ಬರುವುದಿಲ್ಲ ಎಂದೆ. ಹೆಣ್ಣಿನ ಮೊದಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಊರು ಏನೆನ್ನುತ್ತದೆ ಎಂದು ನಿನ್ನ ಅಪ್ಪ ಕುಣಿದಾಡಿದರು. ಆಗ ನನಗೆ ತಡೆಯಲಾಗಲಿಲ್ಲ. ನಿನ್ನನ್ನು ಕೇಳದೆ ಹೇಳಿಬಿಟ್ಟೆ.

ಕೇಳಿ ಅವರು ಮೊದಲು ನಂಬಲಿಲ್ಲ. ಆಮೇಲೆ, “ಹಂಗ ಆಗ್ತದೇನು?” ಎಂದು ಸಣ್ಣ ದನಿಯಲ್ಲಿ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಪ್ರತಿ ಬುದ್ಧ ಪೂರ್ಣಿಮೆಗೆ ವಿಹಾರದ ಮುಂದೆ ಮೈಕು ಹಿಡಿದು, ಬುದ್ಧನ ತಾಯಿ ರಾಣಿ ಮಹಾಮಾಯಾ ಕನಸಿನಲ್ಲಿ ಬಿಳಿ ಆನೆ ಕಂಡು ಬಸುರಾದಳು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಮನುಷ್ಯ ಇವರು. ಆ ಹೆಸರನ್ನೇ ಮಗಳಿಗೆ ಇಟ್ಟವರು. “ಆನಿ ಕನಸಿಗಿ ಬಂದ್ರ ನಂಬ್ತೀರಿ, ಅದಕ್ಕ ಕೈ ಮುಗೀತೀರಿ. ಡಾಕ್ಟರು ಸೂಜಿ ಹಿಡ್ಕೊಂಡು ಬಂದ್ರ ನಗ್ತೀರಿ. ಆ ಕೂಸು ಯಾರಿಗಿ ಅವ್ವಾ ಅಂತು, ಆನಿಗೇನು?” ಎಂದು ಕೇಳಿದೆ. ಅವರು ಹೊರಸಿನ ಅಂಚಿಗೆ ಕುಳಿತು ತಮ್ಮ ಬಾಯಿಯನ್ನು ತಾವೇ ಅಂಗೈಯಿಂದ ಒರೆಸಿಕೊಂಡರು.

ಮರುದಿನ ಗುಂಪಿನಲ್ಲಿ ಮತ್ತೆ ಮಾತಾಡಿದರು. ಅಂದಿದ್ದು ತಪ್ಪಾಯಿತು, ಹಾಗೆ ಹುಟ್ಟಿದ ಕೂಸೂ ಕೂಸೇ, ಆ ವಾಯ್ಸ್ ಮೆಸೇಜನ್ನು ಅಳಿಸಿಬಿಡಿ ಎಂದರು. ಯಾರೂ ವಾಹ್ ಎನ್ನಲಿಲ್ಲ. ಯಾರಾದರೂ ಬೈದರೇನು ಕಾಕಾ ಎಂದು ಒಬ್ಬ ಕೇಳಿದ, ಅಷ್ಟೇ. ಮೊದಲಿನದು ಊರೂರು ತಿರುಗಿತ್ತು, ಇದು ಎದ್ದ ಜಾಗದಲ್ಲೇ ಸತ್ತಿತು. ನಿನ್ನ ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ ಬೇಡಿಕೊಂಡರು. ನಮಗೆ ಅದು ಕಮಲನಗರದಿಂದ ಬಂತು, ನಮಗೆ ಉದಗೀರಿನಿಂದ ಬಂತು ಎಂದರು ಮಂದಿ. ಕೊನೆಗೆ ನನ್ನ ತಂಗಿಯಿಂದ ನನ್ನ ಫೋನಿಗೇ ಬಂತು. ಹಿಂದೆ ಹಾರ್ಮೋನಿಯಂ ಸೇರಿಸಿದ್ದರು, ಮುಂದೆ ಬಾಟಲಿಯೊಳಗೆ ಕುಳಿತ ಕೂಸಿನ ಚಿತ್ರ. ನಿನ್ನ ಅಪ್ಪ ಅದನ್ನು ನೋಡಿದ ಮುಖವನ್ನು ನಾನು ಮರೆಯಲಾರೆ.

ಅದಾದ ಮೇಲೆ ಅವರು ಮಾಡಿದ್ದು ನಿನಗೆ ಗೊತ್ತು. ಯಾಕೆ ಮಾಡಿದರು ಎಂಬುದು ಗೊತ್ತಿಲ್ಲ. ನಾನು ಆ ದಿನ ಮೀಟಿಂಗಿಗೆ ಹೋಗಿದ್ದೆ. ಇದ್ದಿದ್ದರೆ ಆಟೋದ ಮುಂದೆ ಮಲಗಿಯಾದರೂ ತಡೆಯುತ್ತಿದ್ದೆ. ಸಲಾವೋದ್ದೀನ ಆಮೇಲೆ ಹೇಳಿದ. ಬೇಡ ಕಾಕಾ ಎಂದು ಅವನೂ ಹೇಳಿದನಂತೆ. ಅದಕ್ಕಿವರು, “ಸಂತಪುರದಾಗ ಎಮ್ಮಿ ಕಳದಾಗ ಒದರಿದ್ವಿ, ಸಿಕ್ತು. ಜನವಾಡದ ಮುದುಕಿ ಕಳದಾಗ ಒದರಿದ್ವಿ, ಸಿಕ್ಕಳು. ನನ್ನ ಮಗಳೂ ಸಿಗ್ತಾಳ, ನಡಿ” ಎಂದರಂತೆ. ಕಳೆದದ್ದನ್ನು ಹುಡುಕಲು ಅವರಿಗೆ ಗೊತ್ತಿರುವುದು ಅದೊಂದೇ ದಾರಿ.

ಭಾಲ್ಕಿ ಬಸ್‌ಸ್ಟ್ಯಾಂಡಿನಿಂದ ನಿಮ್ಮ ಓಣಿಯವರೆಗೆ ಆಟೋ ತಿರುಗಿಸಿದರು. ಒಮ್ಮೆ ಬಾಯಲ್ಲಿ ಒದರಿದ್ದರೆ ಸಂತೆಯ ಗದ್ದಲದಲ್ಲಿ ಹೋಗುತ್ತಿತ್ತೇನೋ. ಅಳು ಬಂದು ಮಾತು ನಿಂತೀತು ಎಂದು ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿದ್ದರು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ, ಮತ್ತೆ ಮೊದಲಿನಿಂದ. “ಭಾಲ್ಕಿ ಮಹಾಜನರೇ, ನಾ ಔರಾದ ಕಾಶೀರಾಮ ಮಾತಾಡ್ಲಕತ್ತೀನಿ. ಬಾಟ್ಲಿ ಕೂಸಿನ ಬಗ್ಗಿ ನಾ ಅಂದಿದ್ದು ತಪ್ಪದ. ನನ್ನ ಖಾಸಾ ಮಗಳು ಮಹಾಮಾಯಾ ಇದೇ ಊರಾಗ ಅದಾಳ, ಅಕಿ ಹೊಟ್ಟ್ಯಾಗಿಂದೂ ಡಾಕ್ಟರು ಕೂಡ್ಸಿದ ಕೂಸೇ ಅದ. ಅದು ನನ್ನ ಮೊಮ್ಮಗು ಅದ. ನನ್ನ ಮಾತು ಯಾರ ಫೋನಿನಾಗ ಅದನೋ ಅವ್ರು ಅಳಸ್ರಿ, ಕೈ ಮುಗೀತೀನಿ.”

ನಾವು ಅಷ್ಟು ದಿನ ಉಸಿರು ಬಿಗಿಹಿಡಿದು ಕಾಪಾಡಿದ್ದನ್ನು ಊರ ತುಂಬ ಹರಡಿದರು. ಶಾಲುಬಾಯಿ ಬಾಗಿಲಲ್ಲಿ ಕಾಯಿಪಲ್ಯೆ ಕೊಳ್ಳುತ್ತಿದ್ದರಂತೆ. ಸಂಘಪಾಲ ಶಾಲೆಯಲ್ಲಿ ಪಾಠ ಮಾಡುತ್ತಿದ್ದನಂತೆ, ಆಟೋ ಕಿಟಕಿಯ ಹೊರಗೆ ಹಾದುಹೋಯಿತಂತೆ, ದೊಡ್ಡ ಹುಡುಗರು ಮುಸಿಮುಸಿ ನಕ್ಕರಂತೆ. ಮನೆಗೆ ಬಂದವನು ನಿನ್ನನ್ನು ಕೇಳಿದ್ದು ಇಷ್ಟೇ: “ನೀನೇ ಹೇಳ್ದೇನು?” ನೀನು, ಅವ್ವ ಹೇಳಿದಳು ಎಂದು ನನ್ನ ಹೆಸರು ಹೇಳಿಬಿಡಬಹುದಾಗಿತ್ತು. ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಆ ಅಪವಾದವನ್ನೂ ಹೊಟ್ಟೆಯ ಜೊತೆಗೇ ಹೊತ್ತುಕೊಂಡು ಬೀದರ್ ಬಸ್ಸು ಹತ್ತಿದೆ. ಗುಂಪಿನಲ್ಲಿ ಅಪ್ಪ ತಪ್ಪಾಯಿತು ಎಂದದ್ದನ್ನು ಯಾರೂ ಮುಂದೆ ಕಳಿಸಿರಲಿಲ್ಲ, ಭೋಂಗಾದ ಈ ತಪ್ಪೊಪ್ಪಿಗೆಯನ್ನು ಫೋನಿನಲ್ಲಿ ಹಿಡಿದುಕೊಂಡು, ಅದರಲ್ಲಿ ನಿನ್ನ ಹೆಸರಿದೆ ಎಂದು, ಈಗ ಎಲ್ಲರೂ ಕಳಿಸುತ್ತಿದ್ದಾರೆ.

ನಾನು ಭಾಲ್ಕಿಗೆ ಹೋಗಿದ್ದೆ. ಕಾಲಿಗೆ ಬೀಳುವ ಲೆಕ್ಕದಲ್ಲೇ ಹೋಗಿದ್ದೆ. ಶಾಲುಬಾಯಿ ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಮಿಶಿನ್ನಾಗ ಆಗ್ಲಿ, ಮಾವಿನ ಗಿಡದಾಗ ಆಗ್ಲಿ, ನನಗೇನದ ಬೀಗತಿ? ನನ್ನ ಮಗನ ಸಂಕಟ ಭಾಲ್ಕಿಗೆಲ್ಲ ಗೊತ್ತಾಯ್ತು, ಅವನ ಅವ್ವಗ ಆಟೋದವ್ರು ಹೇಳಬೇಕಾಯ್ತು. ನಾ ಆ ವಾಯ್ಸ್ ಹಚ್ಚಿ ಅಕಿ ಮುಂದ ನಕ್ಕೆ. ಅಕಿ ನನ್ನ ಮುಖ ಹ್ಯಾಂಗ ನೋಡ್ತಾಳ, ನಾ ಅಕಿ ಮುಖ ಹ್ಯಾಂಗ ನೋಡಲಿ?” ಎಂದರು. ಅವರು ನಿನ್ನ ಮೇಲೆ ಸಿಟ್ಟಾಗಿಲ್ಲ ಮಾಯಾ. ನಾಚಿಕೊಂಡು ಕುಳಿತಿದ್ದಾರೆ.

ಸಂಘಪಾಲನ ಮುಂದೆ, ಹೇಳಿದವಳು ನಾನು, ಅವಳಲ್ಲ ಎಂದೆ. ಅವನು ಒಳಗೆ ಹೋಗಿ ನಿನ್ನ ದವಾಖಾನೆಯ ಫೈಲು ತಂದು ನನ್ನ ಕೈಗೆ ಕೊಟ್ಟ. ಸ್ಕ್ಯಾನಿನ ಚೀಟಿಗಳನ್ನೆಲ್ಲ ಒಂದರ ಮೇಲೊಂದು ಸರಿಯಾಗಿ ಜೋಡಿಸಿಟ್ಟಿದ್ದ. ಬರುತ್ತೀಯೇನಪ್ಪಾ ಎಂದೆ. “ಬರ್ತೀನಿ ಅನ್ನಲಿಕ್ಕೂ ಬಾಯಿ ಇಲ್ಲತ್ತಿ, ಬರಲ್ಲ ಅನ್ನಲಿಕ್ಕೂ ಬಾಯಿ ಇಲ್ಲ” ಎಂದ. ಅವನು ಬಂದೇ ಬರುತ್ತಾನೆ ಎಂದು ನಾನು ಸುಳ್ಳು ಬರೆಯುವುದಿಲ್ಲ. ಫೈಲು ನನ್ನ ಹತ್ತಿರ ಇದೆ. ಅದರಲ್ಲಿ ನಿನ್ನ ರಕ್ತದ ಗುಂಪು ಇದೆ, ಹಳೆಯ ಪರೀಕ್ಷೆಗಳೆಲ್ಲ ಇವೆ. ಡಾಕ್ಟರಮ್ಮ ಕೇಳಿಯೇ ಕೇಳುತ್ತಾರೆ. ಅದನ್ನು ಕೊಡುವುದಕ್ಕಾದರೂ ನನ್ನನ್ನು ಕರೆ.

ನಿನ್ನ ಅಪ್ಪನನ್ನು ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ನಾನೇ ಇನ್ನೂ ಕ್ಷಮಿಸಿಲ್ಲ. ಒಂದೇ ಸೂರಿನ ಕೆಳಗೆ ಇದ್ದೇವೆ, ಊಟ ಬಡಿಸುತ್ತೇನೆ, ತಟ್ಟೆಯನ್ನು ಜರಾ ಸಪ್ಪಳ ಮಾಡಿಯೇ ಇಡುತ್ತೇನೆ. ಅವರು ಮಾತು ಬಿಟ್ಟಿದ್ದಾರೆ. ಸಿಟ್ಟಿನಿಂದಲ್ಲ. ಬಾಯೇ ತೆರೆಯುವುದಿಲ್ಲ. ಪೋಲಿಯೋ ಪ್ರಚಾರಕ್ಕೆ ಬಾ ಕಾಕಾ ಎಂದು ಸಲಾವೋದ್ದೀನ ಕರೆದಾಗಲೂ ತಲೆ ಅಲ್ಲಾಡಿಸಿದರು. ಹಗಲೆಲ್ಲ ಕಿಟಕಿಯ ಪಕ್ಕ ಕೂಡುತ್ತಾರೆ. ಕೆಮ್ಮು ಬಂದರೆ ಟವೆಲನ್ನು ಬಾಯಿಗೆ ಒತ್ತಿ ಹಿಡಿಯುತ್ತಾರೆ, ಮುಖ ಕೆಂಪಗಾಗುವವರೆಗೆ. ನಾನು ಕೂಸಿಗೆ ಕೌದಿ ಹೊಲೆಯುತ್ತಿದ್ದೇನೆ. ನನ್ನ ಹಳೆಯ ಸೀರೆ, ನಿನ್ನ ಶಾಲೆಯ ಲಂಗ, ಎಲ್ಲ ಸೇರಿಸಿದ್ದೇನೆ. ನನಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಅವರು ಸುಮ್ಮನೆ ಕೈ ಚಾಚಿ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಡುತ್ತಾರೆ. 

ನಿನ್ನೆ ನೀನು ಹಸಿರು ಓಢಣಿ ಹೊದ್ದು, ಅಜೀಜಾಳ ಹೆಗಲು ಹಿಡಿದು ದವಾಖಾನೆಗೆ ಹೋದೆಯಂತೆ. ಆಟೋ ಹತ್ತುವಾಗ ಮೆಟ್ಟಿಲಿಗೆ ಕಾಲು ಎತ್ತಲಾಗದೆ ನಿಂತುಬಿಟ್ಟೆಯಂತೆ, ಸೊಂಟಕ್ಕೆ ಕೈ ಕೊಟ್ಟುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದೆಯಂತೆ. ಅಜೀಜಾ ಹೇಳಿದಳು. ಎಡಗಾಲು ಬಲಗಾಲಿಗಿಂತ ಜಾಸ್ತಿ ಬಾತಿದೆ, ಕೆಳಗೆ ದಿಂಬು ಇಟ್ಟುಕೊಂಡು ಮಲಗು. ಉಪ್ಪು ಕಡಿಮೆ ಮಾಡು. ತಲೆ ಸಿಡಿಯುತ್ತಿದ್ದರೆ, ಕಣ್ಣ ಮುಂದೆ ಮಿಂಚಿದ ಹಾಗಾದರೆ, ಮಂಗಳವಾರದವರೆಗೆ ಕಾಯಬೇಡ, ನನ್ನಾಣೆ.

ನೀನು ಬಚ್ಚಲಿನಿಂದ ಕೇಳಿದ ಆ ಪ್ರಶ್ನೆಗೆ ಅಂದು ನಾನು ಅಳುತ್ತ ಏನೋ ಒದರಿದೆ. ಈಗ ಸರಿಯಾಗಿ ಹೇಳುತ್ತೇನೆ ಕೇಳು. ನಾನು ಅಂಗನವಾಡಿಯಲ್ಲಿ ಎಷ್ಟೋ ಕೂಸುಗಳನ್ನು ನೋಡಿದ್ದೇನೆ. ಹೆತ್ತವಳು ಸತ್ತು ಅಜ್ಜಿಯ ಕೈಯಲ್ಲಿ ಬೆಳೆದದ್ದು, ದೊಡ್ಡವ್ವ ಸಾಕಿದ್ದು, ಎಲ್ಲವನ್ನೂ. ಬಿದ್ದು ಮೊಣಕಾಲು ತರಚಿದಾಗ ಒಂದು ಕೂಸೂ ತಾನು ಹೇಗೆ ಹುಟ್ಟಿದೆ ಎಂದು ಯೋಚಿಸುವುದನ್ನು ನಾನು ನೋಡಿಲ್ಲ. ಯಾರು ಎತ್ತಿಕೊಳ್ಳುತ್ತಾರೋ ಅವರ ಕಡೆಗೆ ಅವ್ವಾ ಎಂದು ಓಡುತ್ತದೆ. ನಿನ್ನದು ನಿನ್ನ ಕಡೆಗೇ ಓಡಿ ಬರುತ್ತದೆ. ಅದನ್ನು ನೋಡಲು ನೀನು ಇರಬೇಕು ಮಾಯಾ. ನೀನು ಇರಬೇಕು, ಕೂಸೂ ಇರಬೇಕು. ಬಸುರಿಯರ ಹೆಸರು ಬರೆದುಕೊಂಡು ಹೆರಿಗೆಯಲ್ಲಿ ಸತ್ತವರ ಹೆಸರಿಗೆ ಗೀಟು ಎಳೆದದ್ದೂ ನನ್ನ ಕೈಯೇ, ಅದಕ್ಕೆ ಇಷ್ಟು ಹೆದರುತ್ತೇನೆ.

ನಿನ್ನ ಹೆಸರಿನ ಆ ರಾಣಿಯೂ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವಳೇ. ತವರು ಮುಟ್ಟಲಾಗಲಿಲ್ಲ, ದಾರಿಯಲ್ಲಿ ಗಿಡದ ಟೊಂಗೆ ಹಿಡಿದು ನಿಂತು ಹೆತ್ತಳು. ಆ ಕಥೆ ಕೇಳಿದಾಗಲೆಲ್ಲ ನನಗೆ ಒಂದೇ ಚಿಂತೆ, ತವರಿನವರು ಎದ್ದು ಅವಳ ದಾರಿಗೆ ಯಾಕೆ ಬರಲಿಲ್ಲ ಎಂದು. ನೀನು ಔರಾದಿಗೆ ಬರಬೇಡ. ಆ ಮನೆಯ ಹೊಸ್ತಿಲು ತುಳಿಯಬೇಡ. ನಿನ್ನ ಹಟ ನಿನ್ನ ಹತ್ತಿರವೇ ಇರಲಿ. ಆದರೆ ಆ ಕೋಣೆಯ ಬಾಗಿಲವರೆಗೆ ನಿನ್ನ ಕೈ ಹಿಡಿದುಕೊಂಡು ಬರುತ್ತೇನೆ, ಅಲ್ಲಿಂದ ಮುಂದೆ ಬಾಗಿಲು ನೋಡುತ್ತ ನಿಲ್ಲುತ್ತೇನೆ. ಕೂಸನ್ನು ಹೊರಗೆ ತಂದು ಯಾರ ಕೈಗೆ ಕೊಡಲಿ ಎಂದು ನರ್ಸು ಕೇಳಿದಾಗ, ನನ್ನ ಕೈಗೆ ಕೊಡಲಿ. ಕೌದಿ ಹಾಸಿಕೊಂಡು ನಿಂತಿರುತ್ತೇನೆ.

ಬಾ ಎನ್ನು ಮಗಾ. ಸೋತಿದ್ದೇನೆ.

ನಿನ್ನನ್ನು ಹೆತ್ತು ಇಂದಿಗೂ ಸುಧಾರಿಸಿಕೊಳ್ಳದ
ನಿನ್ನ ಅವ್ವ,
ಜಿಜಾಬಾಯಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಔರಾದ ಎಂದು ಬರೆದದ್ದು ಸುಳ್ಳು. ಸಲಾವೋದ್ದೀನ ಎಲ್ಲಿಗೂ ಹೋಗುತ್ತಿಲ್ಲ, ಅಜೀಜಾಳೇ ರಸ್ತೆ ದಾಟಿ ಬಂದು ಈ ಕಾಗದ ಒಯ್ಯುತ್ತಾಳೆ. ಅವಳನ್ನು ಬೈಯಬೇಡ, ಬೇಡವೆಂದರೂ ಬಂದವರು ನಾವು. ನೀನು ಮಲಗುವ ಕೋಣೆಗೆ ಎದುರಾಗಿ, ಓಣಿಯ ಈಚೆ, ನೀಲಿ ಬಾಗಿಲಿನ ಮಾಳಿಗೆ ಇದೆಯಲ್ಲ, ಅಲ್ಲಿದ್ದೇವೆ. ಹಸಿರು ಓಢಣಿ, ಬಾತ ಎಡಗಾಲು, ನೀನು ಕಣ್ಣು ಮುಚ್ಚಿ ನಿಂತದ್ದು, ಇದನ್ನು ಯಾರೂ ಹೇಳಲಿಲ್ಲ, ನಾನೇ ನೋಡಿದೆ. ಓಡಿ ಬಂದು ಹಿಡಿದುಕೊಳ್ಳದಂತೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ನಿನ್ನ ಅಪ್ಪನೂ ಇಲ್ಲೇ ಇದ್ದಾರೆ. ಓಣಿ ಸಣ್ಣದು, ತಾವು ಒಂದು ಮಾತಾಡಿದರೂ ನೀನು ದನಿ ಗುರುತು ಹಿಡಿದು ಎದ್ದು ಹೋದೀ ಎಂದು, ಬಂದಾಗಿನಿಂದ ತುಟಿ ಬಿಚ್ಚಿಲ್ಲ. ಆ ಟವೆಲು ಅದಕ್ಕೇ. ನೀನು ಬಾ ಎಂದು ಬರೆಯಬೇಕಾಗಿಲ್ಲ. ನಿನ್ನ ಕಿಟಕಿಯ ಪರದೆ ಒಂದು ಗೇಣು ಸರಿಸು, ನಾನೊಬ್ಬಳೇ ಬರುತ್ತೇನೆ. ಅವರು ಇಲ್ಲೇ ಕುಳಿತಿರುತ್ತಾರೆ, ನೀನಾಗಿ ಕರೆಯುವವರೆಗೆ ಕೆಮ್ಮುವುದೂ ಇಲ್ಲ.